ಕರೆಂಟ್ ಮುಗಿಸಿ ಊರಿಗೆ ಬಂದ ಮೇಲೆ: ಬಾಯಿ, ದವಡೆ, ಕುತ್ತಿಗೆಯನ್ನು ನಾನು ನೋಡಿಕೊಳ್ಳುವ ಕ್ರಮ

ಬಾಯಿ, ಗಂಟಲಿನ ಕ್ಯಾನ್ಸರ್ ಆದ ಶಿರಸಿ, ಯಲ್ಲಾಪುರ ಕಡೆಯವರು ವಿಕಿರಣ ಚಿಕಿತ್ಸೆಗೆ, ಜನರ ಮಾತಿನಲ್ಲಿ ‘ಕರೆಂಟ್’ಗೆ, ಹೆಚ್ಚಾಗಿ ಹುಬ್ಬಳ್ಳಿಗೆ ಹೋಗುತ್ತಾರೆ. ಹೊನ್ನಾವರ, ಭಟ್ಕಳದವರು ಮಣಿಪಾಲ ಇಲ್ಲವೇ ಮಂಗಳೂರಿಗೆ, ಕಾರವಾರದವರಲ್ಲಿ ಕೆಲವರು ಗೋವಾಕ್ಕೆ. ಆರೇಳು ವಾರ ಅಲ್ಲಿದ್ದು ಫೈಲ್ ಹಿಡಿದುಕೊಂಡು ಊರಿಗೆ ಮರಳುತ್ತಾರೆ. ವಿಕಿರಣದ ನಿಜವಾದ ಕಿರಿಕಿರಿ ಶುರುವಾಗುವುದೇ ಆಗ. ಕೊನೆಯ ದಿನದ ಬಳಿಕ ಒಂದೆರಡು ವಾರ ಚರ್ಮ ಮತ್ತು ಬಾಯಿಯ ಹುಣ್ಣು ಇನ್ನಷ್ಟು ಕೆಡುತ್ತವೆ, ನಂತರ ಮಾಯುತ್ತವೆ. ಮಾಂಸ ಗಟ್ಟಿಯಾಗುವುದು, ಎಲುಬು ಸಾಯುವುದು, ಥೈರಾಯ್ಡ್ ಸೊರಗುವುದು ಮಾತ್ರ ತಿಂಗಳುಗಳ, ವರ್ಷಗಳ ಲೆಕ್ಕದ ಕೆಲಸ. ನೋವಿಲ್ಲದೆ ಬರುವುದರಿಂದ ರೋಗಿ ಹೇಳುವುದಿಲ್ಲ. ಅದಕ್ಕೇ ನಾನು ದೂರು ಬರುವವರೆಗೆ ಕಾಯುವುದಿಲ್ಲ, ಅಳೆದು ಬರೆದಿಡುತ್ತೇನೆ.

ಮೊದಲು ಕೇಳುವುದು ಡಿಸ್ಚಾರ್ಜ್ ಕಾಗದ. ಒಟ್ಟು ಎಷ್ಟು ಗ್ರೇ (ವಿಕಿರಣದ ಪ್ರಮಾಣದ ಅಳತೆ), ಎಷ್ಟು ಸಲ, ಯಾವ ಬದಿ, ಕೊನೆಯ ದಿನ ಯಾವುದು, ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಕೊಟ್ಟಿದ್ದಾರೆಯೇ. ಆಪರೇಷನ್ ಆದವರಿಗೆ ಸಾಮಾನ್ಯವಾಗಿ 30 ಸಲದಲ್ಲಿ 60 ಗ್ರೇ, ಆಪರೇಷನ್ ಇಲ್ಲದೆ ವಿಕಿರಣವೊಂದನ್ನೇ ನೆಚ್ಚಿದವರಿಗೆ 35 ಸಲದಲ್ಲಿ 70 ಗ್ರೇ. ಕೆಳದವಡೆಗೆ ಎಷ್ಟು ಬಿದ್ದಿದೆ ಎಂಬುದನ್ನು ಚಿಕಿತ್ಸೆ ಕೊಟ್ಟ ಕೇಂದ್ರದಿಂದಲೇ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಹತ್ತು ವರ್ಷದ ಮೇಲೆ ಒಂದು ಹಲ್ಲು ಕೀಳಬೇಕೋ ಬೇಡವೋ ಎಂಬುದು ಆ ಅಂಕಿಯ ಮೇಲೆ ನಿಲ್ಲುತ್ತದೆ. ನಮ್ಮ ಮಳೆಗಾಲದಲ್ಲಿ ಬೀರುವಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ಲ್ಯಾಮಿನೇಷನ್ ಮಾಡಿಸಿ, ಮನೆಯ ಇಬ್ಬರ ಮೊಬೈಲಿನಲ್ಲಿ ಫೋಟೋ ಇಡಿಸುತ್ತೇನೆ.

ಆಮೇಲೆ ಬಾಯಿ ಎಷ್ಟು ತೆರೆಯುತ್ತದೆ ಎಂದು ನೋಡುತ್ತೇನೆ. ಮೇಲಿನ ಮುಂದಿನ ಹಲ್ಲಿನ ಅಂಚಿನಿಂದ ಕೆಳಗಿನ ಹಲ್ಲಿನ ಅಂಚಿಗೆ ಗಟ್ಟಿ ಪ್ಲಾಸ್ಟಿಕ್ ಸ್ಕೇಲ್ ಹಿಡಿದು ಮಿಲಿಮೀಟರ್‌ನಲ್ಲಿ ಬರೆಯುವುದು. ಹಲ್ಲಿಲ್ಲದವರಿಗೆ ಒಸಡಿನಿಂದ ಒಸಡಿಗೆ, ಹಾಗೆಂದು ಪಕ್ಕದಲ್ಲೇ ನಮೂದಿಸಬೇಕು. 40ರಿಂದ 50 ಸಾಮಾನ್ಯ. 35ಕ್ಕಿಂತ ಕಡಿಮೆಯಾದರೆ ಬಾಯಿ ಬಿಗಿದಿದೆ ಎಂದೇ ಅರ್ಥ. ಈ ಅಳತೆ ವಿಕಿರಣಕ್ಕೆ ಹೋಗುವ ಮೊದಲೇ ಸಿಕ್ಕರೆ ಬಂಗಾರ. ವರ್ಷಗಟ್ಟಲೆ ಕವಳ (ಎಲೆಯಡಿಕೆ) ಹಾಕಿದವರ ಕೆನ್ನೆಯ ಒಳಪದರ ಮೊದಲೇ ನಾರುಗಟ್ಟಿರುತ್ತದೆ, 28 ಮಿಲಿಮೀಟರ್‌ನಿಂದಲೇ ಚಿಕಿತ್ಸೆ ಶುರುವಾಗಿರುವುದೂ ಉಂಟು. ಹಳೆಯ ಅಂಕಿ ಇಲ್ಲದಿದ್ದರೆ ಎಲ್ಲವನ್ನೂ ವಿಕಿರಣದ ತಲೆಗೆ ಕಟ್ಟುತ್ತೇವೆ. ಅಡಿಕೆ ತೋಟದವರ ಎದುರು ಹೇಳುವುದು ಮುಜುಗರವೇ, ಆದರೂ ಹೇಳಬೇಕು: ಕವಳದಲ್ಲಿ ತಂಬಾಕು ಬಿಟ್ಟು ಅಡಿಕೆ ಉಳಿಸಿಕೊಂಡರೆ ಸಾಲದು. ನಾರುಗಟ್ಟಿಸುವುದು ಅಡಿಕೆಯೇ.

ವ್ಯಾಯಾಮಕ್ಕೆ ದುಬಾರಿ ಸಾಧನ ಬೇಕಿಲ್ಲ, ಐಸ್‌ಕ್ರೀಮ್ ಕಡ್ಡಿ ಸಾಕು. ಒಂದೊಂದು ಕಡ್ಡಿ ಸುಮಾರು 2 ಮಿಲಿಮೀಟರ್ ದಪ್ಪ. ಆರಾಮವಾಗಿ ಹಿಡಿಸುವಷ್ಟು ಕಡ್ಡಿಗಳನ್ನು ಒಟ್ಟು ಸೇರಿಸಿ ಹಲ್ಲುಗಳ ನಡುವೆ ಇಟ್ಟು, ಮಧ್ಯಕ್ಕೆ ಇನ್ನೊಂದನ್ನು ಮೆಲ್ಲಗೆ ತೂರಿಸಬೇಕು. ಎಳೆತ ಗೊತ್ತಾಗಬೇಕು, ಕಣ್ಣಲ್ಲಿ ನೀರು ಬರಬಾರದು. 30 ಸೆಕೆಂಡ್ ಹಿಡಿದು ಬಿಡುವುದು, ಹೀಗೆ ಐದು ಸಲ, ದಿನಕ್ಕೆ ಕನಿಷ್ಠ ಮೂರು ಹೊತ್ತು. ಕೆಡುವುದು ಎಲ್ಲಿ ಅಂದರೆ, ಜನ ಕಡ್ಡಿಯನ್ನು ಮುಂದಿನ ಹಲ್ಲಿಗೆ ಇಡುತ್ತಾರೆ. ಸಡಿಲ ಹಲ್ಲು ಅಲ್ಲಿಗೇ ಮುರಿಯುತ್ತದೆ. ದವಡೆ ಹಲ್ಲಿನ ಕಡೆಗೇ ಇಡಬೇಕು. ಹುಣ್ಣಿರುವಾಗ ನೋವೆಂದು ಪೂರ್ತಿ ಬಿಟ್ಟುಬಿಡುವುದು ಇನ್ನೊಂದು. ನೋವಿನ ಮಾತ್ರೆ ನುಂಗಿ ಅರ್ಧ ಗಂಟೆ ಬಿಟ್ಟು ಸಣ್ಣದಾಗಿಯಾದರೂ ಮಾಡಿಸುತ್ತೇನೆ. ಮೂರು ತಿಂಗಳಿಗೆ ಸರಿಹೋಯಿತೆಂದು ನಿಲ್ಲಿಸಿದವರ ಬಾಯಿ ಮತ್ತೆ ಬಿಗಿಯುತ್ತದೆ, ಏಕೆಂದರೆ ನಾರುಗಟ್ಟುವಿಕೆ ವರ್ಷಗಟ್ಟಲೆ ನಡೆಯುತ್ತದೆ. ವ್ಯಾಯಾಮಕ್ಕೆ ಮುನ್ನ ಬಿಸಿ ಬಟ್ಟೆ ಒತ್ತುವವರು ಶಾಖವನ್ನು ಮೊದಲು ಮುಂಗೈ ಒಳಬದಿಯಲ್ಲಿ ನೋಡಿಕೊಳ್ಳಬೇಕು. ವಿಕಿರಣ ಬಿದ್ದ ಚರ್ಮಕ್ಕೆ ಸುಟ್ಟರೂ ತಿಳಿಯದೆ ಇರಬಹುದು.

ಒಂದು ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ತಿಂಗಳಿಂದ ತಿಂಗಳಿಗೆ ಒಂದೆರಡು ಮಿಲಿಮೀಟರ್ ಇಳಿದರೆ ವ್ಯಾಯಾಮ ಹೆಚ್ಚಿಸುತ್ತೇನೆ. ಒಂದೇ ತಿಂಗಳಲ್ಲಿ ಐದಾರು ಇಳಿದರೆ ಕಡ್ಡಿ ಕೆಳಗಿಟ್ಟು, ರೋಗ ಮರುಕಳಿಸಿದೆಯೇ, ಕೀವಾಗಿದೆಯೇ, ಎಲುಬು ತೆರೆದಿದೆಯೇ ಎಂದು ಮೊದಲು ಹುಡುಕುತ್ತೇನೆ.

ಬಾಯಿ ತೊಳೆಯಲು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಪ್ರತಿದಿನ ಹೊಸದು, ಎರಡು ಮೂರು ಗಂಟೆಗೊಮ್ಮೆ, ಮುಕ್ಕಳಿಸಿ ಉಗುಳುವುದು. ಬೇಕಿಂಗ್ ಪೌಡರ್ ಬೇರೆ, ಅದು ಬೇಡ. ಮುಷ್ಟಿ ಉಪ್ಪು ಹಾಕಿದರೆ ಬೇಗ ವಾಸಿಯಾಗುವುದಿಲ್ಲ, ಉರಿ ಮಾತ್ರ ಹೆಚ್ಚು. ಅಂಗಡಿಯ ಉರಿಯುವ ಮೌತ್‌ವಾಷ್‌ಗಳಲ್ಲಿ ಆಲ್ಕೋಹಾಲ್ ಇರುವುದೇ ಹೆಚ್ಚು, ಮುಟ್ಟಬಾರದು. ಊಟಕ್ಕೆ ಕುಚಲಕ್ಕಿ ಗಂಜಿ ತುಪ್ಪ, ಕಾಳುಮೆಣಸು ಹಾಕದ ಒಂದೆಲಗದ ತಂಬುಳಿ, ಮುಳ್ಳು ತೆಗೆದು ಕಿವುಚಿದ ಮೀನು, ಮೊಟ್ಟೆ. ಅಪ್ಪೆಹುಳಿ, ಕೋಕಂ, ಮಿಡಿ ಉಪ್ಪಿನಕಾಯಿ ಸದ್ಯಕ್ಕೆ ದೂರ. ಒರೆಸಿದರೆ ಏಳುವ ಬಿಳಿ ಪೊರೆ ಕಂಡರೆ ಅದು ಬೂಷ್ಟಿನ ಸೋಂಕು. ಅದಕ್ಕೆ ಬೇರೆ ಔಷಧ ಬೇಕು, ಹಲ್ಲಿನ ಸೆಟ್ ಇದ್ದರೆ ಅದನ್ನೂ ಶುದ್ಧ ಮಾಡಬೇಕು, ರಾತ್ರಿ ತೆಗೆದಿಡಬೇಕು.

ಜೊಲ್ಲು ಬತ್ತಿದ ಬಾಯಿಯಲ್ಲಿ ಹಲ್ಲು ಕೆಡುವ ವೇಗ ನೋಡದವರಿಗೆ ನಂಬುವುದು ಕಷ್ಟ. ಒಸಡಿನ ಅಂಚಿನಲ್ಲಿ ಸುತ್ತಲೂ ಹುಳುಕು ಹಿಡಿದು, ಕೆಲವೇ ತಿಂಗಳಲ್ಲಿ ಹಲ್ಲು ಬುಡಕ್ಕೆ ತುಂಡಾಗುತ್ತದೆ. ಬಾಯಿ ಒಣಗುತ್ತದೆಂದು ಕಲ್ಲುಸಕ್ಕರೆ ಚೀಪುವುದು, ಲಿಂಬೆ ಪೆಪ್ಪರಮಿಂಟ್ ಇಟ್ಟುಕೊಳ್ಳುವುದು ಇದಕ್ಕೆ ಎಣ್ಣೆ ಸುರಿದ ಹಾಗೆ. ನೀರು ಗುಟುಕರಿಸಲಿ, ಸಕ್ಕರೆ ಇಲ್ಲದ ಕ್ಸೈಲಿಟಾಲ್ ಗಮ್ ಅಗಿಯಲಿ. ಪೈಲೋಕಾರ್ಪಿನ್ 5 ಮಿಲಿಗ್ರಾಂ ಮಾತ್ರೆ ದಿನಕ್ಕೆ ಮೂರು ಸಲ ಕೆಲವರಿಗೆ ನೆರವಾಗುತ್ತದೆ, ಆದರೆ ಹತೋಟಿಯಲ್ಲಿಲ್ಲದ ಆಸ್ತಮಾ ಇದ್ದವರಿಗೆ ಕೊಡುವ ಹಾಗಿಲ್ಲ. ಎಲ್ಲರಿಗೂ ಬೇಕಾದದ್ದು ಫ್ಲೋರೈಡ್: 1.1 ಶೇಕಡಾ ಸೋಡಿಯಂ ಫ್ಲೋರೈಡ್, ಅಂದರೆ 5000 ಪಿಪಿಎಂ ಇರುವ ಪೇಸ್ಟ್ ಅಥವಾ ಜೆಲ್. ಹಲ್ಲಿನ ಅಚ್ಚಿನಲ್ಲಿ ಮಾಡಿಸಿದ ಟ್ರೇಗೆ ತೆಳ್ಳಗೆ ಸವರಿ, ಮಲಗುವ ಮುಂಚೆ ಐದು ನಿಮಿಷ. ಉಗುಳಬೇಕು, ತೊಳೆಯಬಾರದು, ಅರ್ಧ ಗಂಟೆ ಏನೂ ಬಾಯಿಗೆ ಹಾಕಬಾರದು. ಆಮ್ಲ ಬೆರೆತ ಜೆಲ್ ಒಣ ಬಾಯಿಯನ್ನು ಉರಿಸುತ್ತದೆ, ನ್ಯೂಟ್ರಲ್ ಎಂದು ಕೇಳಿಯೇ ತರಬೇಕು. ಇದು ಜೀವನಪೂರ್ತಿ.

ಹಲ್ಲು ಕೀಳುವುದಿದ್ದರೆ ವಿಕಿರಣಕ್ಕೆ ಕನಿಷ್ಠ ಎರಡು ವಾರ ಮೊದಲು, ಮೂರಾದರೆ ಒಳ್ಳೆಯದು. ಆಮೇಲೆ ಆ ಎಲುಬಿನ ರಕ್ತನಾಳ ಒಳಗಿಂದ ಕಿರಿದಾಗಿ, ಗಾಯ ಮಾಯಿಸುವ ಜೀವಕೋಶಗಳೂ ಕಡಿಮೆಯಾಗಿರುತ್ತವೆ; ಕಿತ್ತ ಗುಂಡಿ ಮುಚ್ಚದೆ ಉಳಿಯಬಹುದು. ಕೆಳದವಡೆಯ ಹಿಂಭಾಗ ಎಲ್ಲಕ್ಕಿಂತ ಅಪಾಯ. ಇಂಥ ಹಲ್ಲಿಗೆ ನಾನು ರೂಟ್ ಕೆನಾಲ್ ಮಾಡಿ, ಮೇಲ್ಭಾಗ ಕತ್ತರಿಸಿ ಬೇರನ್ನು ಅಲ್ಲೇ ಬಿಡುವುದನ್ನೇ ಇಷ್ಟಪಡುತ್ತೇನೆ. ನಾಲಿಗೆ ಕಡೆಯ ಒಸಡಿನಲ್ಲಿ ಏನೋ ಚುಚ್ಚುತ್ತದೆ ಎಂದರೆ ಕನ್ನಡಿ, ಟಾರ್ಚ್ ಹಿಡಿದು ನೋಡಬೇಕು. ಹಳದಿ ಒರಟು ಎಲುಬು ಕಂಡರೆ ಎಳೆಯಬಾರದು, ಕೆರೆಯಬಾರದು. ಇಡೀ ದವಡೆ ಕಾಣುವ ಓಪಿಜಿ ಎಕ್ಸ್‌ರೇ ತೆಗೆಸಿ ದೊಡ್ಡಾಸ್ಪತ್ರೆಯ ದವಡೆ ಶಸ್ತ್ರತಜ್ಞರಿಗೆ ಕಳಿಸುವುದು. ಅವರು ಪೆಂಟಾಕ್ಸಿಫಿಲಿನ್ 400 ಮಿಲಿಗ್ರಾಂ ದಿನಕ್ಕೆರಡು ಸಲ, ಜೊತೆಗೆ ಇ ವಿಟಮಿನ್ 1000 ಯೂನಿಟ್ ಕೊಟ್ಟು ತಿಂಗಳುಗಟ್ಟಲೆ ನೋಡುವುದುಂಟು. ಅದನ್ನು ಅಂಗಡಿಯಲ್ಲಿ ಕೇಳಿ ತರುವ ಮಾತ್ರೆ ಎಂದುಕೊಳ್ಳಬಾರದು. ಮೆದುಳಿನ ರಕ್ತಸ್ರಾವ ಆಗಿದ್ದವರಿಗೆ ಅದು ಸಲ್ಲದು.

ಕುತ್ತಿಗೆಯ ಚರ್ಮಕ್ಕೆ ಮೊದಲ ವಾರಗಳಲ್ಲಿ ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಒತ್ತಿ ಒರೆಸುವುದು, ಕಾಲರ್ ಇಲ್ಲದ ಹತ್ತಿ ಅಂಗಿ ಇಷ್ಟೇ ಸಾಕು. ಅರಿಶಿನ ಎಣ್ಣೆ, ನೋವಿನ ಬಾಮು ಬೇಡ. ಕರಾವಳಿಯ ಬೆವರಿಗೆ ಮಡಿಕೆಗಳಲ್ಲಿ ಗಜಕರ್ಣವೂ ಬರುತ್ತದೆ. ಅಂಚು ಎದ್ದು ತುರಿಸುತ್ತಿದ್ದರೆ ಅದನ್ನು ವಿಕಿರಣದ ಕೆಂಪೆಂದು ಬಿಡಬಾರದು. ಗಲ್ಲದ ಕೆಳಗೆ ಬೆಳಿಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುವ ಮೆತ್ತನೆ ಊತ ದುಗ್ಧರಸ (ಲಿಂಫ್) ನಿಂತದ್ದು. ಕಿವಿಯಿಂದ ಕಿವಿಗೆ ಗಲ್ಲದಡಿ ಟೇಪ್ ಹಿಡಿದು, ಪ್ರತಿ ಸಲ ಒಂದೇ ಹೊತ್ತಿನಲ್ಲಿ ಅಳೆಯಬೇಕು. ಒಂದೇ ಕಡೆ ಗಟ್ಟಿ ಗಂಟು ಬೆಳೆಯುತ್ತಿದ್ದರೆ ಟೇಪಿನ ಕೆಲಸವಲ್ಲ, ಕಳಿಸಬೇಕು. ತಲೆ ಬಗ್ಗಿಸಿದಾಗ ಬೆನ್ನುಹುರಿಗುಂಟ ಝುಮ್ಮೆನ್ನುವುದು ಎರಡರಿಂದ ನಾಲ್ಕು ತಿಂಗಳ ನಡುವೆ ಕೆಲವರಲ್ಲಿ ಬಂದು ತಾನಾಗಿ ಹೋಗುತ್ತದೆ. ಕೈಕಾಲು ಸೋತರೆ ಆ ದಿನವೇ ಹೊರಡಬೇಕು. ನೀರು ಕುಡಿದಾಗ ಕೆಮ್ಮು, ಮೇಲಿಂದ ಮೇಲೆ ಜ್ವರ ಎಂದರೆ ಆಹಾರ ಶ್ವಾಸನಾಳಕ್ಕೆ ಹೋಗುತ್ತಿರಬಹುದು.

ಕುತ್ತಿಗೆಗೆ ವಿಕಿರಣ ಬಿದ್ದ ಎಲ್ಲರಿಗೂ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಥೈರಾಯ್ಡ್ ನೋಡುವ ಟಿಎಸ್ಎಚ್ ರಕ್ತಪರೀಕ್ಷೆ ಮಾಡಿಸುತ್ತೇನೆ. ಚಳಿ, ನಿದ್ದೆ, ಮಲಬದ್ಧತೆ, ಆಲಸ್ಯವನ್ನು ಆಷಾಢದ ಮಳೆಯ ಲೆಕ್ಕಕ್ಕೆ ಬರೆದು ಸುಮ್ಮನಿರುವವರು ನಮ್ಮಲ್ಲಿ ಬಹಳ.

ಗರ್ಭಕೊರಳಿನ ಕ್ಯಾನ್ಸರ್‌ಗೆ ವಿಕಿರಣ ಪಡೆದ ಹೆಂಗಸರದು ಬೇರೆಯೇ ಅಧ್ಯಾಯ. ನಾನು ಖಡಾಖಂಡಿತವಾಗಿ ಹೇಳುವುದು ಎರಡು ಮಾತು. ಹುಣ್ಣು ಮಾಯ್ದ ಮೇಲೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆ, ಡೈಲೇಟರ್ (ಯೋನಿಮಾರ್ಗ ಕಿರಿದಾಗದಂತೆ ಒಳಗಿಡುವ ನುಣುಪಾದ ಕೊಳವೆ) ಶುರು ಮಾಡಬೇಕು: ನೀರಿನ ಜೆಲ್ ಹಚ್ಚಿ, ವಾರಕ್ಕೆ ಎರಡು ಮೂರು ಸಲ, ಐದರಿಂದ ಹತ್ತು ನಿಮಿಷ. ನಾಚಿಕೆಯಿಂದ ಬಿಟ್ಟರೆ ಯೋನಿಮಾರ್ಗ ಕಿರಿದಾಗಿ, ಮುಂದೆ ತಪಾಸಣೆಯೂ ಕಷ್ಟವಾಗುತ್ತದೆ. ಎರಡನೆಯದು, ಆರು ತಿಂಗಳಿಂದ ಎರಡು ವರ್ಷದೊಳಗೆ ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನಾಟಿ ಔಷಧ ಮಾಡದೆ ಗುದನಾಳದ ಕೊಳವೆ ಪರೀಕ್ಷೆಗೆ (ಎಂಡೋಸ್ಕೋಪಿ) ಹೋಗಬೇಕು, ಹೋದಲ್ಲಿ ವಿಕಿರಣ ಆಗಿದೆ ಎಂದು ಬಾಯಿಬಿಟ್ಟು ಹೇಳಬೇಕು. ತಿಳಿಯದೆ ಗುದನಾಳದ ಮುಂಗೋಡೆಯಿಂದ ಚೂರು ತೆಗೆದರೆ ಆ ಗಾಯ ಮಾಯದೆ ಯೋನಿಗೆ ತೂತು ಬೀಳಬಹುದು. ಇವರಿಗೂ ಅದೇ ಲ್ಯಾಮಿನೇಷನ್ ಮಾಡಿದ ಕಾಗದವನ್ನು ಪರ್ಸಿನಲ್ಲಿ ಇಟ್ಟುಕೊಳ್ಳಲು ಹೇಳುತ್ತೇನೆ.