ಏಕಗವಾಕ್ಷಿ ತೆರೆಯುವ ಮೊದಲು ಒಂದು ಕಡತದ ಹಿಂದೆ ನಡೆಯಿರಿ

ಕಟ್ಟಡ ಪರವಾನಗಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತವನು ನಾನು. ಅಷ್ಟರಲ್ಲಿ ಎರಡು ಸಲ ಏಕಗವಾಕ್ಷಿ ಕಚೇರಿ, ಅಂದರೆ ಎಲ್ಲ ಇಲಾಖೆಯ ಅನುಮತಿಯೂ ಒಂದೇ ಕಡೆ ಸಿಗುವ ಕಚೇರಿ, ಶುರು ಮಾಡಿದ್ದೇವೆ. ಮೊದಲನೆಯದಕ್ಕೆ ಹೊಸ ಬೋರ್ಡು, ಗಾಜಿನ ಕೌಂಟರು, ಟೋಕನ್ ಮಿಷನ್ನು ಎಲ್ಲ ಇತ್ತು. ವರ್ಷದೊಳಗೆ ನೆಲ ಕಚ್ಚಿತು. ಎರಡನೆಯದು ಹಳೇ ರೆಕಾರ್ಡ್ ರೂಮಿನಲ್ಲಿ ನಾಲ್ಕು ಮೇಜು ಹಾಕಿ ಮಾಡಿದ್ದು. ಅದು ನಡೆಯಿತು. ನಿಮ್ಮ ಸ್ಥಳೀಯ ಸಂಸ್ಥೆಯಲ್ಲಿ ಈ ಕೆಲಸ ನಿಮ್ಮ ಹೆಗಲಿಗೆ ಬಿದ್ದಿದ್ದರೆ ಇದನ್ನು ಓದಿ. ಅರ್ಜಿಯನ್ನು ಒಂದೇ ಕಡೆ ತೆಗೆದುಕೊಂಡ ಮಾತ್ರಕ್ಕೆ ಏಕಗವಾಕ್ಷಿ ಆಗುವುದಿಲ್ಲ, ತಕರಾರನ್ನು ಒಂದೇ ಸಲ ಹೇಳಿದರೆ ಆಗುತ್ತದೆ. ನನಗೆ ಇಷ್ಟು ಅರ್ಥವಾಗಲು ಮೊದಲ ಕಚೇರಿ ಮುಚ್ಚಬೇಕಾಯಿತು.

ಮೊದಲ ವಾರ ಏನನ್ನೂ ಬದಲಾಯಿಸಬೇಡಿ. ಮಂಜೂರಾದ ಹಳೇ ಕಡತ ಒಂದನ್ನು ತೆಗೆಯಿರಿ. ತೀರಾ ಸುಲಭದ್ದೂ ಬೇಡ, ಕೋರ್ಟಿಗೆ ಹೋದದ್ದೂ ಬೇಡ. ಟಿಪ್ಪಣಿ ಹಾಳೆಯಲ್ಲಿ ಪ್ರತಿ ಸಹಿಯ ಕೆಳಗಿರುವ ತಾರೀಖನ್ನು ಒಂದು ಕಾಗದಕ್ಕೆ ಇಳಿಸಿ, ಪಕ್ಕದಲ್ಲಿ ಎರಡು ಕಾಲಂ ಹಾಕಿ: ಕಡತ ಸುಮ್ಮನೆ ಕೂತ ದಿನ, ನಿಜವಾಗಿ ಕೆಲಸ ನಡೆದ ಹೊತ್ತು. ನಾನು ಹಾಗೆ ಲೆಕ್ಕ ಹಾಕಿದ ಮೊದಲ ಕಡತ ಮೂರು ಮಹಡಿಯ ಮನೆಯೊಂದರದು. ನಾಲ್ಕು ತಿಂಗಳಲ್ಲಿ ಹದಿಮೂರು ಮೇಜು ಹತ್ತಿ ಇಳಿದಿತ್ತು. ಯಾರಾದರೂ ನಕ್ಷೆ ಬಿಡಿಸಿ ನೋಡಿದ ಹೊತ್ತನ್ನೆಲ್ಲ ಕೂಡಿಸಿದರೂ ಒಂದು ದಿನದ ಕೆಲಸ ಆಗಲಿಲ್ಲ. ಉಳಿದ ದಿನಗಳೆಲ್ಲ ಟಪ್ಪಾಲಿನಲ್ಲಿ, ರಜೆಯಲ್ಲಿ, ‘ಮಂಡಿಸಿದೆ’ ಮತ್ತು ‘ಪರಿಶೀಲಿಸಿ ಮಂಡಿಸಿ’ ಎಂಬ ಎರಡು ಮಾತಿನ ನಡುವೆ ಕಳೆದುಹೋಗಿದ್ದವು.

ಅದೇ ಕಡತದಲ್ಲಿ ಕ್ರಯಪತ್ರದ ನಕಲು ಎಷ್ಟಿವೆ ಎಂದೂ ಎಣಿಸಿ. ನಮ್ಮದರಲ್ಲಿ ಐದಿದ್ದವು. ಮಾಲೀಕತ್ವ ನೋಡಬೇಕಾದ್ದು ಒಂದೇ ಶಾಖೆ. ಉಳಿದ ನಾಲ್ಕು ಯಾಕೆ ಕೇಳುತ್ತಿದ್ದವು ಎಂದರೆ, ಹಿಂದಿನವರು ಕೇಳುತ್ತಿದ್ದರು, ಅದಕ್ಕೆ. ಯಾವ ದಾಖಲೆ ಯಾವ ನಿಯಮದಡಿ ಬೇಕು ಎಂದು ಶಾಖೆಯವರಿಂದಲೇ ಬರೆಸಿಕೊಳ್ಳಿ. ನಿಯಮ ತೋರಿಸಲಾಗದ್ದನ್ನು ಪಟ್ಟಿಯಿಂದ ಹೊಡೆದು ಹಾಕಿ. ಶುಲ್ಕಕ್ಕೂ ಇದೇ ಮಾತು: ಅರ್ಜಿದಾರರಿಗೆ ಒಂದೇ ಚಲನ್, ಹಂಚಿಕೆ ಒಳಗಡೆ ನಿಮ್ಮ ಲೆಕ್ಕ ಶಾಖೆಯದು.

ಆಮೇಲೆ ಕಟ್ಟಡಗಳನ್ನು ಬೇರ್ಪಡಿಸಿ. ಸಣ್ಣ ನಿವೇಶನದ ಎರಡಂತಸ್ತಿನ ಮನೆಯೂ ಸಿನಿಮಾ ಹಾಲೂ ಒಂದೇ ಸಾಲಿನಲ್ಲಿ ನಿಲ್ಲಬಾರದು. ಸಣ್ಣದಕ್ಕೆ ನೋಂದಾಯಿತ ಇಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ಸ್ವಯಂ ಪ್ರಮಾಣೀಕರಣ ಸಾಕು, ನಕ್ಷೆಯನ್ನು ಕೌಂಟರಿನಲ್ಲೇ ಮುಗಿಸಬಹುದು. ಆದರೆ ಅವುಗಳಲ್ಲಿ ಕೆಲವನ್ನು ಚೀಟಿ ಎತ್ತಿ ಸ್ಥಳಕ್ಕೆ ಹೋಗಿ ಅಳೆಯಬೇಕು, ಸುಳ್ಳು ಸಹಿ ಹಾಕಿದವರ ನೋಂದಣಿಗೆ ತಡೆ ಬೀಳಬೇಕು. ಇಲ್ಲದಿದ್ದರೆ ನಿಮ್ಮ ಕಚೇರಿ ಎದುರಿಗೇ ಸಹಿ ಮಾರುವ ಅಂಗಡಿ ಹುಟ್ಟಿಕೊಳ್ಳುತ್ತದೆ.

ನಿಜವಾದ ಕಷ್ಟ ದೊಡ್ಡ ಕಟ್ಟಡಗಳದ್ದು. ಐದಂತಸ್ತಿನ ಒಂದು ವಾಣಿಜ್ಯ ಕಟ್ಟಡ ನನಗೆ ಇನ್ನೂ ನೆನಪಿದೆ. ಅಗ್ನಿಶಾಮಕದವರು, ವಾಹನ ಒಳಗೆ ಬಂದು ತಿರುಗಲು ಮುಂಭಾಗ ಪೂರ್ತಿ ಖಾಲಿ ಇರಬೇಕೆಂದು ಬರೆದು ನಿರಾಕ್ಷೇಪಣಾ ಪತ್ರ ಕೊಟ್ಟರು. ವಿದ್ಯುತ್ತಿನವರು, ಟ್ರಾನ್ಸ್‌ಫಾರ್ಮರ್ ರಸ್ತೆ ಕಡೆಯಿಂದ ಕೈಗೆ ಸಿಗುವಂತೆ ಮುಂದಿನ ಮೂಲೆಯಲ್ಲಿರಬೇಕೆಂದು ಗುರುತು ಹಾಕಿಸಿ ಅವರ ಪತ್ರ ಕೊಟ್ಟರು. ಕಟ್ಟಡ ಎದ್ದಿತು. ಸ್ವಾಧೀನ ಪತ್ರಕ್ಕೆಂದು (ಮುಗಿದ ಕಟ್ಟಡವನ್ನು ಬಳಸಲು ಕೊಡುವ ಒಪ್ಪಿಗೆ) ತಪಾಸಣೆಗೆ ಹೋದಾಗ ಫೈರ್ ಇಂಜಿನ್ ತಿರುಗಬೇಕಾದ ಜಾಗದಲ್ಲಿ ಕಾಂಕ್ರೀಟ್ ಕಟ್ಟೆ ಕೂತಿತ್ತು. ಇಬ್ಬರೂ ಸರಿ, ಇಬ್ಬರ ಮೊಹರೂ ಇತ್ತು. ನೋಡಿದ ಪ್ರಿಂಟು ಮಾತ್ರ ಬೇರೆ ಬೇರೆ. ಕಟ್ಟೆ ಒಡೆಸಿದ ಖರ್ಚು ಬಿದ್ದದ್ದು ಮಾಲೀಕರ ತಲೆಗೆ.

ಕಡತವನ್ನು ಒಬ್ಬರಾದ ಮೇಲೆ ಒಬ್ಬರಿಗೆ ಕಳಿಸಿದರೆ ಹೀಗೆಯೇ. ಮೂರನೆಯವರು ಕೇಳಿದ ತಿದ್ದುಪಡಿ ಮೊದಲಿನವರ ಒಪ್ಪಿಗೆಯನ್ನು ಸುಳ್ಳು ಮಾಡುತ್ತದೆ, ಅದು ಮೊದಲಿನವರಿಗೆ ಗೊತ್ತೂ ಆಗುವುದಿಲ್ಲ. ಆದ್ದರಿಂದ ಅರ್ಜಿ ಬಂದ ದಿನವೇ ಎಲ್ಲ ಇಲಾಖೆಗೂ ಒಟ್ಟಿಗೆ ಪ್ರತಿ ಹೋಗಲಿ. ಪ್ರತಿ ಹಾಳೆಯ ಮೂಲೆಯಲ್ಲಿ ಪರಿಷ್ಕರಣೆ ಸಂಖ್ಯೆ ಇರಲಿ. ವಾರಕ್ಕೊಂದು ದಿನ ಎಲ್ಲರೂ ಒಂದೇ ಮೇಜಿಗೆ ಬರಲಿ, ಮೇಜಿನ ಮೇಲೆ ಒಂದೇ ನಕ್ಷೆ ಇರಲಿ. ನಾವು ಬುಧವಾರ ಇಟ್ಟುಕೊಂಡಿದ್ದೆವು. ಅಗ್ನಿಶಾಮಕಕ್ಕೆ ಕೆಂಪು ಪೆನ್ಸಿಲ್, ನೀರು-ಒಳಚರಂಡಿಗೆ ನೀಲಿ, ವಿದ್ಯುತ್ತಿಗೆ ಹಸಿರು. ಮೊದಲ ಬುಧವಾರವೇ ಇನ್ನೊಂದು ಕಟ್ಟಡದಲ್ಲಿ ಕೆಂಪು ಗೆರೆ ಹಸಿರು ಚೌಕವನ್ನು ಸೀಳಿಕೊಂಡು ಹೋಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಇಪ್ಪತ್ತು ನಿಮಿಷದಲ್ಲಿ ಟ್ರಾನ್ಸ್‌ಫಾರ್ಮರ್ ಪಕ್ಕದ ಗೋಡೆಗೆ ಸರಿಯಿತು. ಪತ್ರ ವ್ಯವಹಾರದಲ್ಲಾಗಿದ್ದರೆ ಎರಡು ತಿಂಗಳು.

ಸಭೆಯಲ್ಲಿ ಎದ್ದ ತಕರಾರೆಲ್ಲ ಒಂದೇ ಪತ್ರದಲ್ಲಿ, ಒಬ್ಬರ ಸಹಿಯಲ್ಲಿ ಅರ್ಜಿದಾರರಿಗೆ ಹೋಗಬೇಕು. ಅಲ್ಲಿ ಹೇಳದ್ದನ್ನು ಆಮೇಲೆ ಎತ್ತುವಂತಿಲ್ಲ. ಜೀವಕ್ಕೆ ಅಪಾಯದ ವಿಷಯವಿದ್ದರೆ, ಇಲ್ಲವೇ ಅರ್ಜಿದಾರರೇ ನಕ್ಷೆ ಬದಲಿಸಿದರೆ ಮಾತ್ರ ವಿನಾಯಿತಿ. ಇದನ್ನು ಕಚೇರಿ ಆದೇಶವಾಗಿಯೇ ಹೊರಡಿಸಿ, ಬಾಯಿಮಾತು ನಿಲ್ಲುವುದಿಲ್ಲ.

ಇನ್ನೊಂದು ಆದೇಶ ಇದಕ್ಕಿಂತಲೂ ಮುಖ್ಯ. ಮೇಜಿಗೆ ಬರುವವರಿಗೆ ಸಹಿ ಹಾಕುವ ಅಧಿಕಾರ ಬರವಣಿಗೆಯಲ್ಲಿ ಸಿಕ್ಕಿರಬೇಕು. ನಮ್ಮ ಮೊದಲ ಕಚೇರಿ ಸತ್ತದ್ದೇ ಇಲ್ಲಿ. ಇಲಾಖೆಗಳು ಕಿರಿಯರನ್ನು ಕಳಿಸಿದವು, ಅವರು ಪ್ರತಿ ಪ್ರಶ್ನೆಗೂ ‘ಮೇಲಧಿಕಾರಿಗಳ ಗಮನಕ್ಕೆ ತರುತ್ತೇನೆ’ ಎಂದರು. ಹಳೆಯ ಹದಿಮೂರು ಮೇಜಿನ ಮುಂದೆ ಹದಿನಾಲ್ಕನೆಯದನ್ನು ಹಾಕಿದಂತಾಯಿತು, ಅಷ್ಟೇ.

ಕೌಂಟರಿಗೂ ಹೊಸಬರನ್ನು ಕೂರಿಸಬೇಡಿ. ಎಲ್ಲರೂ ಮಾಡುವ ತಪ್ಪು ಅದು. ನಿಮ್ಮಲ್ಲಿ ಅತಿ ಹೆಚ್ಚು ನಕ್ಷೆ ನೋಡಿದವರು ಯಾರೋ ಅವರೇ ಅಲ್ಲಿರಬೇಕು. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಕಡಿಮೆ ಬಿದ್ದಿದೆ, ಮೆಟ್ಟಿಲ ಅಗಲ ಸಾಲದು, ಸರ್ವೆ ನಕ್ಷೆಯ ಅಳತೆಗೂ ಕ್ರಯಪತ್ರದ ಅಳತೆಗೂ ತಾಳೆಯಾಗುವುದಿಲ್ಲ ಎಂಬುದನ್ನು ಅವರು ಹತ್ತು ನಿಮಿಷದಲ್ಲಿ ಹೇಳಿ, ಚೀಟಿಯಲ್ಲಿ ಬರೆದು ವಾಪಸ್ ಕೊಡುತ್ತಾರೆ. ಅರೆಬರೆ ಅರ್ಜಿಗೆ ಇನ್ವರ್ಡ್ ನಂಬರ್ ಹಾಕಲೇಬೇಡಿ. ಪೂರ್ತಿ ಇದ್ದ ಅರ್ಜಿಗೆ ನಂಬರ್ ಹಾಕದೆ ಕಳಿಸಲೂಬೇಡಿ.

ನಂಬರ್ ಬಿದ್ದ ದಿನದಿಂದ ಗಡುವು ಓಡಬೇಕು. ಫ್ರಾನ್ಸಿನಲ್ಲಿ ಸಾಮಾನ್ಯವಾಗಿ ಒಂಟಿ ಮನೆಗೆ ಎರಡು ತಿಂಗಳು, ಉಳಿದವಕ್ಕೆ ಮೂರು. ಅಷ್ಟರಲ್ಲಿ ಉತ್ತರ ಬರದಿದ್ದರೆ ಬಹುತೇಕ ಪ್ರಕರಣಗಳಲ್ಲಿ ಮೌನವೇ ಮಂಜೂರಾತಿ. ನಿಮ್ಮ ಕಾನೂನಿನಲ್ಲಿ ಅಂಥ ಅವಕಾಶವಿದ್ದರೆ ಅದಕ್ಕೊಂದು ಪ್ರಮಾಣಪತ್ರವನ್ನೂ ಕೊಡಿ, ಯಾಕೆಂದರೆ ಮೌನವನ್ನು ಯಾವ ಬ್ಯಾಂಕೂ ಅಡವಿಟ್ಟುಕೊಳ್ಳುವುದಿಲ್ಲ.

ಗಡುವು ಬಂದ ಕೂಡಲೇ ಕಳ್ಳದಾರಿಯೂ ಬರುತ್ತದೆ. ನಮ್ಮಲ್ಲೇ ಒಬ್ಬರು ಗಡುವಿನ ಹಿಂದಿನ ದಿನ ಅರ್ಜಿ ತಿರಸ್ಕರಿಸಿ, ಮರುದಿನ ಹೊಸ ನಂಬರಿನಲ್ಲಿ ಮತ್ತೆ ತೆಗೆದುಕೊಳ್ಳುತ್ತಿದ್ದರು. ವರದಿಯಲ್ಲಿ ಎಲ್ಲವೂ ಸಕಾಲಕ್ಕೆ. ಅಂಕಿ ಚೆನ್ನಾಗಿ ಕಾಣಿಸುವ ಆಸೆ ಸಣ್ಣ ಕಚೇರಿಗಷ್ಟೇ ಸೀಮಿತವೂ ಅಲ್ಲ: ಕಟ್ಟಡ ಪರವಾನಗಿಗೆ ಎಷ್ಟು ಹಂತ, ಎಷ್ಟು ದಿನ ಎಂದು ದೇಶದೇಶಗಳನ್ನು ಅಳೆಯುತ್ತಿದ್ದ ವಿಶ್ವಬ್ಯಾಂಕಿನ ‘ಡೂಯಿಂಗ್ ಬಿಸಿನೆಸ್’ ವರದಿಯನ್ನೇ ದತ್ತಾಂಶದ ಅಕ್ರಮಗಳು ಹೊರಬಂದ ಮೇಲೆ 2021ರಲ್ಲಿ ನಿಲ್ಲಿಸಬೇಕಾಯಿತು. ಅರ್ಜಿ ನಂಬರಿನಿಂದ ಲೆಕ್ಕ ಹಾಕಬೇಡಿ. ನಿವೇಶನದಿಂದ ಹಾಕಿ: ಈ ಜಾಗದವರು ಮೊದಲ ಸಲ ಕೌಂಟರಿಗೆ ಬಂದದ್ದು ಯಾವಾಗ, ಪರವಾನಗಿ ಹಿಡಿದು ಹೋದದ್ದು ಯಾವಾಗ.

ಪೋರ್ಟಲ್ ಕೊನೆಗೆ. ಸಿಂಗಪುರ 2023ರ ಡಿಸೆಂಬರಿನಲ್ಲಿ ತಂದ ‘ಕೋರ್‌ನೆಟ್ ಎಕ್ಸ್’ ಎಂಬ ಕಟ್ಟಡ ಅನುಮತಿಯ ಪೋರ್ಟಲ್ ಇಪ್ಪತ್ತಕ್ಕೂ ಹೆಚ್ಚು ಅನುಮತಿಯ ಹಂತಗಳನ್ನು ವಿನ್ಯಾಸ, ನಿರ್ಮಾಣ, ಪೂರ್ಣಗೊಳಿಕೆ ಎಂಬ ಮೂರು ಬಾಗಿಲಿಗೆ ಇಳಿಸಿತು. ಅಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಸಾಫ್ಟ್‌ವೇರ್‌ಗಿಂತ ಆ ಮೂರು. ಹದಿಮೂರು ಮೇಜನ್ನು ಹಾಗೇ ಕಂಪ್ಯೂಟರಿಗೆ ಹಾಕಿದರೆ ಹದಿಮೂರು ಲಾಗಿನ್ ಆಗುತ್ತದೆ.

ಹಾಂ, ಕೌಂಟರಿನ ಪಕ್ಕ ಉದ್ದನೆಯ ಮೇಜೊಂದನ್ನು ಮರೆಯದೆ ಹಾಕಿಸಿ. ಎ1 ಹಾಳೆ 841 ಮಿಲಿಮೀಟರ್ ಉದ್ದ, 594 ಅಗಲ. ಗಾಜಿನ ಕಿಂಡಿಯಲ್ಲಿ ಅದನ್ನು ಬಿಡಿಸಲಾಗದೆ, ನಮ್ಮ ಮೊದಲ ಕಚೇರಿಯಲ್ಲಿ ಜನ ಹೊಳೆಯುವ ಟೈಲ್ಸಿನ ನೆಲದ ಮೇಲೆ ನಕ್ಷೆ ಹಾಸಿ, ನಾಲ್ಕು ಮೂಲೆಗೆ ಚಪ್ಪಲಿ ಇಟ್ಟು ತೋರಿಸುತ್ತಿದ್ದರು.