ಅಪ್ಪೆಮಿಡಿ ಭರಣಿ ಡೇರೆಯೊಳಗೆ ಬೇಡ

ಮಗ ಕೆನಡಾದಲ್ಲಿದ್ದಾನೆ, ಯೂಕಾನ್ ಕಡೆ ಕರೆದುಕೊಂಡು ಹೋಗ್ತಾನಂತೆ, ಏನೇನು ಕಟ್ಟಿಕೊಳ್ಳಲಿ ಅಂತ ತೀರ್ಥಹಳ್ಳಿ ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳ್ತಾರೆ. ಯೂಕಾನ್‌ನಲ್ಲಿ ನಾನು ಕಂಡದ್ದು ಟೂಂಬ್‌ಸ್ಟೋನ್ ಪಾರ್ಕ್ ಅನ್ನುವ ಬೆಟ್ಟಗಾಡು. ಅದನ್ನೇ ಹೇಳ್ತೇನೆ.

ಹತ್ತಿರದ ಊರು ಡಾಸನ್ ಸಿಟಿಯಲ್ಲೇ ಟ್ಯಾಂಕ್ ತುಂಬಿಸಿ. ಪಾರ್ಕಿಗೆ ಹೋಗುವ ಡೆಂಪ್‌ಸ್ಟರ್ ಹೆದ್ದಾರಿ ಹತ್ತಿದರೆ ಮುಂದಿನ ಬಂಕ್ ಇರುವುದು ಈಗಲ್ ಪ್ಲೇನ್ಸ್‌ನಲ್ಲಿ, ಅಂದರೆ 369ನೇ ಕಿಲೋಮೀಟರಿಗೆ. ರಸ್ತೆ ಬಹುಪಾಲು ಜಲ್ಲಿ, ಕಲ್ಲು ಚೂಪು. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ಅಂತ ಮಗನ ಮಾತು ನಂಬದೆ ನೀವೇ ಒತ್ತಿ ನೋಡಿ. ಪಾರ್ಕಿನಲ್ಲಿ ಡೇರೆ ಹಾಕುವ ಜಾಗ ಸಿಗುವುದು ಸುಮಾರು 71ನೇ ಕಿಲೋಮೀಟರಿನಲ್ಲಿ.

ಇನ್ನು ಕರಡಿ ವಿಷಯ. ವಾಸನೆ ಹಿಡಿದು ಬರುತ್ತದೆ ಅದು. ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ ಒಯ್ಯಿರಿ, ಬೇಡ ಅನ್ನಲ್ಲ. ಆದರೆ ಉಂಡಾದ ಮೇಲೆ ಎಲ್ಲವನ್ನೂ ಕಾರಿನೊಳಗಿಟ್ಟು ಬಾಗಿಲು ಹಾಕಬೇಕು. ಟೂತ್‌ಪೇಸ್ಟ್, ಸೋಪು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಕೂಡ! ತಿಳಿಸಾರು ಉಳಿದರೆ ಪೊದೆಗೆ ಚೆಲ್ಲುವ ನಮ್ಮ ಅಭ್ಯಾಸ ಅಲ್ಲಿ ನಡೆಯಲ್ಲ. ಒಗ್ಗರಣೆ ಬಿದ್ದ ಅಂಗಿಯನ್ನೇ ತೊಟ್ಟು ಮಲಗಬೇಡಿ. ಡೇರೆ ಹಾಕುವ ಆ ಜಾಗ ಬಿಟ್ಟು ಕಾಲುದಾರಿಯಲ್ಲಿ ಒಳಗೆ ಹೋಗಿ ತಂಗುವವರಿಗೆ ಕರಡಿ ತೆರೆಯಲಾಗದ ಗಟ್ಟಿ ಡಬ್ಬಿ ಕಡ್ಡಾಯ.

ಸೌದೆ ಅಲ್ಲೇ ಇರುತ್ತದೆ, ಶುಲ್ಕದಲ್ಲೇ ಸೇರಿದೆ. ನೀರು ಕುದಿಸಿಯೇ ಕುಡಿಯಿರಿ. ಇಂಬಳ ಇಲ್ಲ, ಆದರೆ ಸೊಳ್ಳೆ ವಿಪರೀತ. ತಲೆಗೆ ಹಾಕುವ ಬಲೆ ತಗೊಳ್ಳಿ. ಜೂನ್‌ನಲ್ಲಿ ರಾತ್ರಿ ಪೂರಾ ಕತ್ತಲಾಗಲ್ಲ, ಕಣ್ಣಿಗೆ ಕಟ್ಟಲು ಒಂದು ಪಾಣಿಪಂಚೆ ಇರಲಿ. ಆಗಸ್ಟ್‌ನಲ್ಲೂ ಹಿಮ ಬೀಳಬಹುದು. ಉಣ್ಣೆ ಟೋಪಿ ಸೂಟ್‌ಕೇಸಿನ ಮೇಲ್ಗಡೆಯೇ ಇಡಿ.