ಕೊನೆಯ ಸಂಪುಟಕ್ಕೆ ಮೊದಲು ನಾನು ಬರೆದಿಟ್ಟ ಬಾಕಿ ಲೆಕ್ಕ

‘ದಿ ವೀಲ್ ಆಫ್ ಟೈಮ್’ ಎಂಬ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ ಸರಣಿಯ 14ನೆಯ, ಅಂದರೆ ಕೊನೆಯ ಪುಸ್ತಕ 2013ರ ಜನವರಿ 8ಕ್ಕೆ ಬರುವುದು ಗಟ್ಟಿಯಾಯಿತು. ಆಗ ನಾನು ಮೊದಲು ಮಾಡಿದ್ದು, ಹಳೆಯ 13ನ್ನೂ ಅಟ್ಟದಿಂದ ಕೆಳಗೆ ಇಳಿಸಿದ್ದು. ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಮಳೆಗಾಲದಲ್ಲಿ ಇಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯದೆ ಇರುವುದಿಲ್ಲ. ಹಾಗಾಗಿ ಮಳೆ ಹಿಡಿಯುವ ಮೊದಲೇ ಎಲ್ಲವನ್ನೂ ಜಗಲಿಯಲ್ಲಿ ಬಿಡಿಸಿಟ್ಟು ಗಾಳಿಗೆ ಒಣಗಿಸಿದೆ. ಅಂಗಳದ ಬಿಸಿಲಿಗೆ ಹಾಕಬೇಡಿ. ದಪ್ಪ ಪೇಪರ್‌ಬ್ಯಾಕ್‌ಗಳ ಬೆನ್ನಿನ ಅಂಟು ಬಿಟ್ಟು ಹೋಗುತ್ತದೆ, ಆಮೇಲೆ ಹಾಳೆಗಳು ಕಂತೆ ಕಂತೆಯಾಗಿ ಕೈಗೆ ಬರುತ್ತವೆ. ನನ್ನಲ್ಲಿದ್ದದ್ದು ಹೆಚ್ಚಿನವೂ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಿಂದ ಬಂದದ್ದು. ಮೊದಲೇ ಬೆನ್ನು ಬಿರಿದವು.

ಇಷ್ಟು ಜಾಗ್ರತೆ ಯಾಕೆ ಅಂದರೆ, ಈ ಪುಸ್ತಕ ಬರುವುದೇ ಇಲ್ಲ ಅಂತ ಒಮ್ಮೆ ನಾವೆಲ್ಲ ಅಂದುಕೊಂಡಿದ್ದೆವು. ಮೊದಲ ಸಂಪುಟ ಬಂದದ್ದು 1990ರಲ್ಲಿ. 11ನೆಯದು 2005ರಲ್ಲಿ. 2007ರ ಸೆಪ್ಟೆಂಬರ್ 16ರಂದು ಇದನ್ನು ಬರೆಯುತ್ತಿದ್ದ ರಾಬರ್ಟ್ ಜೋರ್ಡನ್ ತೀರಿಕೊಂಡರು. ಕತೆ ಮುಗಿದಿರಲಿಲ್ಲ. ಅವರ ಹೆಂಡತಿ ಹ್ಯಾರಿಯೆಟ್ ಮೆಕ್‌ಡೂಗಲ್ ಅವರೇ ಈ ಸರಣಿಯ ಸಂಪಾದಕಿ. ಅವರು ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಎಳೆಯ ಲೇಖಕನನ್ನು ಹುಡುಕಿ, ಗಂಡ ಬಿಟ್ಟುಹೋದ ಟಿಪ್ಪಣಿಗಳನ್ನು ಅವರ ಕೈಗೆ ಕೊಟ್ಟರು. ಒಂದೇ ಪುಸ್ತಕ ಅಂತ ಹೊರಟದ್ದು ಮೂರಾಯಿತು: 2009, 2010, ಆಮೇಲೆ ಇದು. ಎಲ್ಲದರ ಕೊನೆಯ ದೃಶ್ಯವನ್ನು ಮಾತ್ರ ಜೋರ್ಡನ್ ಸಾಯುವ ಮೊದಲೇ ಬರೆದಿಟ್ಟಿದ್ದರು. ಅಷ್ಟು ವರ್ಷ ಕಾಯಿಸಿದವರ ಸ್ವಂತ ಮಾತುಗಳೇ ಕೊನೆಗೆ ಸಿಗುತ್ತವೆ ಅನ್ನುವುದು ನನಗೆ ದೊಡ್ಡ ವಿಷಯ. ಅಲ್ಲಿಗೆ ಹೋಗುವಾಗ ಹಿಂದಿನದೆಲ್ಲ ನೆನಪಿರಬೇಕು ಅಂತ ನಿರ್ಧಾರ ಮಾಡಿದೆ.

ಹಾಗಂತ ಸುಮ್ನೆ ಮೊದಲಿನಿಂದ ಓದುತ್ತಾ ಹೋದರೆ ಸಾಲದು. ಪಾತ್ರಗಳೇ ಅಷ್ಟೊಂದು, ಐದನೆಯ ಪುಸ್ತಕಕ್ಕೆ ಬರುವಾಗ ಎರಡನೆಯದು ಮಸುಕಾಗುತ್ತದೆ. ಪಾತ್ರಗಳ ಪಟ್ಟಿ ಮಾಡುವ ಗೋಜಿಗೆ ನಾನು ಹೋಗಲಿಲ್ಲ, ಅಂಥ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಅಡಿಕೆ ಅಂಗಡಿಯವರು ಬಾಕಿ ಬರೆದಿಡುವ ಉದ್ದ ಪುಸ್ತಕ ಇರುತ್ತದಲ್ವಾ, ಅಂಥದ್ದೊಂದು ತಂದು ಕತೆ ನಮಗೆ ಕೊಡಬೇಕಾದ ಬಾಕಿಯನ್ನು ಬರೆಯತೊಡಗಿದೆ. ಎಡಗಡೆ: ಕತೆ ಏನು ಮಾತು ಕೊಟ್ಟಿದೆ, ಯಾವ ಪುಸ್ತಕ, ಯಾವ ಅಧ್ಯಾಯ. ಬಲಗಡೆ ಖಾಲಿ. ತೀರಿದರೆ ಅಲ್ಲಿ ಬರೆಯುವುದು.

ಈ ಸರಣಿಯಲ್ಲಿ ಅಂಥ ಮಾತುಗಳಿಗೆ ಬರ ಇಲ್ಲ. ಮಿನ್ ಎಂಬ ಹುಡುಗಿಗೆ ಜನರ ತಲೆಯ ಸುತ್ತ ಚಿತ್ರಗಳು ಕಾಣುತ್ತವೆ. ಅರ್ಥ ಹೊಳೆಯಿತು ಅಂದರೆ ಅದು ಆಗಿಯೇ ಆಗುತ್ತದೆ. ಎಗ್ವೀನ್ ಎಂಬವಳಿಗೆ ಮುಂದಾಗುವುದು ಕನಸಿನಲ್ಲಿ ಕಾಣುತ್ತದೆ. ಕಥಾನಾಯಕ ರಾಂಡ್‌ನ ರಕ್ತ, ಕತ್ತಲ ಒಡೆಯ ಎಂಬ ದುಷ್ಟಶಕ್ತಿಯ ಸೆರೆಮನೆ ಇರುವ ಶಾಯೋಲ್ ಗುಲ್ ಬೆಟ್ಟದ ಬಂಡೆಗಳ ಮೇಲೆ ಬೀಳುತ್ತದೆ ಅಂತ ಭವಿಷ್ಯವಾಣಿ. ಬದುಕಬೇಕಾದರೆ ಸಾಯಬೇಕು ಅಂತ ಅವನಿಗೆ ಸಿಕ್ಕ ಉತ್ತರ. ಜಗತ್ತನ್ನು ಉಳಿಸಲು ಜಗತ್ತಿನ ಅರ್ಧ ಬೆಳಕನ್ನು ಬಿಟ್ಟುಕೊಡಬೇಕು ಅಂತ ಅವನ ಗೆಳೆಯ ಮ್ಯಾಟ್‌ಗೆ ಹೇಳಿದ್ದು ನಾಲ್ಕನೆಯ ಪುಸ್ತಕದಲ್ಲಿ, 1992ರಲ್ಲಿ. ಅದು ತೀರಿದ್ದು 13ನೆಯದರಲ್ಲಿ, 2010ಕ್ಕೆ. ಐದನೆಯ ಪುಸ್ತಕದ ಕೊನೆಯಲ್ಲಿ ಅಸ್ಮೋಡಿಯನ್ ಎಂಬ ಖಳ ಸಾಯುತ್ತಾನೆ, ಕೊಂದವರು ಯಾರು ಅಂತ ಹೇಳುವುದಿಲ್ಲ. ಓದುಗರು ವರ್ಷಗಟ್ಟಲೆ ಜಗಳಾಡಿದರು. ಉತ್ತರ ಬಂದದ್ದು 13ನೆಯದರಲ್ಲಿ, ಅದೂ ಕತೆಯ ಒಳಗೆ ನೇರವಾಗಿ ಅಲ್ಲ, ಹಿಂದಿರುವ ಪದಕೋಶದಲ್ಲಿ! ಆಮೇಲೆ ಆ ಪದಕೋಶಗಳನ್ನೂ ನಾನು ಬಿಡಲಿಲ್ಲ.

ಓದಿದ್ದನ್ನು ಅಮ್ಮನಿಗೆ ಹೇಳಿದ್ದು ಇನ್ನೊಂದು ಉಪಾಯ. ಇದು ಬಾಕಿ ಪುಸ್ತಕಕ್ಕಿಂತ ಜಾಸ್ತಿ ಪ್ರಯೋಜನಕ್ಕೆ ಬಂತು. ಮಳೆಗಾಲದ ಸಂಜೆ ಚಾವಡಿಯಲ್ಲಿ ಕೂತು ಅವರು ಒಣ ಅಡಿಕೆ ಸುಲಿಯುತ್ತಾರೆ. ಕೈ ತನ್ನಷ್ಟಕ್ಕೆ ನಡೆಯುತ್ತದೆ, ಕಿವಿ ಖಾಲಿ. ನಾನು ಅವತ್ತು ಓದಿದ್ದನ್ನು ಹೇಳುವುದು. ಅಮ್ಮನಿಗೆ ಇಂಗ್ಲಿಷ್ ಬಾರದು. ಆದರೆ ಊರಿನ ಯಕ್ಷಗಾನ, ತಾಳಮದ್ದಳೆ ಕೇಳಿ ಬೆಳೆದವರು. ಪಾತ್ರ ಎಲ್ಲಿ ಬಿಟ್ಟುಹೋಯಿತು ಅಂತ ತಕ್ಷಣ ಹಿಡಿಯುತ್ತಾರೆ.

ಐದನೆಯ ಪುಸ್ತಕದಲ್ಲಿ, ರಾಂಡ್‌ಗೆ ದಾರಿ ತೋರಿಸುವ ಮಾಂತ್ರಿಕಳಾದ ಮೊರೇನ್ ಒಂದು ಮಾಯದ ಬಾಗಿಲಿನ ಒಳಗೆ ಬೀಳುತ್ತಾಳೆ. ಬಾಗಿಲು ಉರಿದು ಹೋಗುತ್ತದೆ. ಅವಳು ಸತ್ತಳು ಅಂತ ಎಲ್ಲರೂ ನಂಬುತ್ತಾರೆ. ನಾನೂ ಹಾಗೆಯೇ ಹೇಳಿದೆ. ಅಮ್ಮ ಕತ್ತಿ ನಿಲ್ಲಿಸಿ ಕೇಳಿದರು:

“ಹೆಣ ಯಾರಾದರೂ ನೋಡಿದ್ದಾರಾ?”

“ಇಲ್ಲ ಅಮ್ಮ.”

“ಮತ್ತೆ ಸತ್ತದ್ದು ಅಂತ ಹೇಗೆ ಹೇಳುವುದು? ಅವಳು ಬರ್ತಾಳೆ, ನೋಡು.”

1993ರಲ್ಲಿ ಬಿದ್ದ ಮೊರೇನ್ ಮರಳಿ ಬರುವುದು 2010ರ ಪುಸ್ತಕದಲ್ಲಿ. ಬಂದ ಕಾಲಕ್ಕೇ ಓದುತ್ತಿದ್ದವರು 17 ವರ್ಷ ಕಾದಿದ್ದಾರೆ. ಅಮ್ಮ ಒಂದೇ ಸಂಜೆಯಲ್ಲಿ ಹೇಳಿಬಿಟ್ಟರು. ರಾಂಡ್‌ನ ಸಾಕಿದ ಅಪ್ಪ ಟ್ಯಾಮ್ ಈಗ ಎಲ್ಲಿದ್ದಾನೆ ಅಂತಲೂ ಅವರೇ ಆಗಾಗ ವಿಚಾರಿಸುತ್ತಿದ್ದರು. ಆ ಪ್ರಶ್ನೆ ನನ್ನ ಪುಸ್ತಕದ ಎಡಗಡೆ ಇರಲೇ ಇಲ್ಲ, ಅಮ್ಮ ಕೇಳಿದ ಮೇಲೆ ಸೇರಿಸಿದೆ. ಸ್ವಲ್ಪ ದೊಡ್ಡ ಅಕ್ಷರದಲ್ಲಿ.

ಏಳರಿಂದ ಹತ್ತರವರೆಗಿನ ಪುಸ್ತಕಗಳು ನಿಧಾನ. ಅದರಲ್ಲೂ 2003ರ ಹತ್ತನೆಯದು ತುಂಬಾ ನಿಧಾನ. ಅಲ್ಲಿ ಬಾಕಿ ಮಾತ್ರ ಹೆಕ್ಕುತ್ತಾ ಬೇಗ ಮುಂದೆ ಹೋದೆ. ನೀವೂ ಹಾಗೆ ಮಾಡಬಹುದು.

13ನೆಯದು ಮುಗಿಯುವಾಗ ರಾಂಡ್ ಒಂದು ಮಾತು ಹೇಳಿ ಹೋಗಿರುತ್ತಾನೆ: ಕತ್ತಲ ಒಡೆಯನ ಸೆರೆಮನೆಯ ಮುದ್ರೆಗಳನ್ನು ತಾನೇ ಒಡೆಯುತ್ತೇನೆ ಅಂತ. ಎಗ್ವೀನ್ ಅದು ಬೇಡವೇ ಬೇಡ ಅನ್ನುತ್ತಾಳೆ. ಇಬ್ಬರೂ ಮೆರಿಲೋರ್ ಮೈದಾನದಲ್ಲಿ ಎದುರಾಗಲಿದ್ದಾರೆ, ಅಲ್ಲಿಗೆ ನಮ್ಮನ್ನು ನಿಲ್ಲಿಸಿದ್ದಾರೆ. ನನ್ನ ಒಬ್ಬ ಗೆಳೆಯ ಇದೇ ಸರಣಿಯ ಹುಚ್ಚ. ಮಂಗಳೂರಿಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ನಾವು ಇದನ್ನೇ ತಾಳಮದ್ದಳೆಯ ಹಾಗೆ ಕಟ್ಟಿದೆವು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ದಾಟುವಾಗ ವಾದಕ್ಕೆ ಬಿಸಿ ಏರಿರುತ್ತಿತ್ತು. ಅವನದು ರಾಂಡ್‌ನ ಪಾತ್ರ: ತೇಪೆ ಹಾಕಿದ ಗೋಡೆ ಮತ್ತೆ ಒಡೆಯುತ್ತದೆ, ಹಳೆಯದನ್ನು ತೆಗೆದು ಹೊಸತಾಗಿ ಕಟ್ಟಬೇಕು. ನನ್ನದು ಎಗ್ವೀನ್‌ದು: ಕಟ್ಟುವ ದಾರಿ ಗೊತ್ತಿಲ್ಲದೆ ಇದ್ದ ಗೋಡೆಯನ್ನು ಯಾಕೆ ತೆಗೆಯುತ್ತಿ? ವಾದ ಮುಗಿಯದಿದ್ದರೆ ಬರುವಾಗ ಪಾತ್ರ ಅದಲು ಬದಲು. ಎದುರಿನವರ ಪಕ್ಷ ಹಿಡಿದು ಮಾತಾಡಿದಾಗಲೇ ನನಗೆ ರಾಂಡ್ ಸರಿಯಾಗಿ ಅರ್ಥವಾದದ್ದು. ಕಾಯುವ ದಿನಗಳಲ್ಲಿ ನನಗೆ ಅತಿ ಹೆಚ್ಚು ಸುಖ ಕೊಟ್ಟದ್ದು ಈ ಪ್ರಯಾಣಗಳು.

2012ರ ಸೆಪ್ಟೆಂಬರಿನಲ್ಲಿ ಕೊನೆಯ ಪುಸ್ತಕದ ಪೀಠಿಕೆಯನ್ನು ಮಾತ್ರ ಬೇರೆ ಇ-ಪುಸ್ತಕವಾಗಿ ಮಾರಿದರು. ನಾನು ಓದಲಿಲ್ಲ. ತುಂಡು ತಿಂದರೆ ಹಸಿವು ಕೆಡುತ್ತದೆ. ಪೂರ್ತಿ ಪುಸ್ತಕ ಇ-ಪುಸ್ತಕವಾಗಿ ಬರುವುದು ಏಪ್ರಿಲಿಗೆ ಅಂತ ಹೇಳಿದ್ದರು, ಅದಕ್ಕಿಂತ ಮೊದಲು ಬರುವುದು ಗಟ್ಟಿರಟ್ಟಿನ ಅಚ್ಚು ಪ್ರತಿ. ನಮ್ಮ ಊರಿಗೆ ಕೊರಿಯರ್ ತಲುಪುವುದು ಎಷ್ಟೊತ್ತಿಗೋ. ಅದಕ್ಕೆ ಮಂಗಳೂರಿನಲ್ಲಿರುವ ಚಿಕ್ಕಮ್ಮನ ಮನೆ ವಿಳಾಸ ಕೊಟ್ಟೆ. ಜನವರಿ ಹುಟ್ಟಿದ ಮೇಲೆ ಸರಣಿಯ ಬಗ್ಗೆ ಯಾರು ಏನು ಬರೆದರೂ ಕಣ್ಣು ಹಾಯಿಸಲಿಲ್ಲ. ಗೆಳೆಯನಿಗೂ ಹೇಳಿಟ್ಟೆ: ನಿನ್ನದು ಮೊದಲು ಬಂದರೆ ಫೋನು ಮಾಡಬೇಡ ಮಾರಾಯ.

ಪುಸ್ತಕ ಕೈಗೆ ಬಂದ ಕೂಡಲೇ ಕೊನೆಯ ಹಾಳೆಗಳಿಗೆ ಕಾಗದ ಸುತ್ತಿ ಕ್ಲಿಪ್ ಹಾಕಿದೆ. ಜೋರ್ಡನ್ ಬರೆದ ಆ ದೃಶ್ಯ ಅಲ್ಲೇ ಇದೆ ಅಂತ ಗೊತ್ತಿರುವಾಗ ಬೆರಳು ತನ್ನಿಂತಾನೆ ಅಲ್ಲಿಗೆ ಹೋಗುತ್ತದೆ. ಕ್ಲಿಪ್ ಇದ್ದರೆ ಒಂದು ಗಳಿಗೆ ಯೋಚಿಸುತ್ತೇವೆ. ನನಗೆ ಅಷ್ಟು ಸಾಕಾಯಿತು.

ಬಾಕಿ ಪುಸ್ತಕವನ್ನು ಓದುವಾಗ ಪಕ್ಕದಲ್ಲಿ ಇಡಬೇಡಿ, ಪ್ರತಿ ಪುಟಕ್ಕೂ ಲೆಕ್ಕ ನೋಡುವ ಚಾಳಿ ಬೀಳುತ್ತದೆ. ಬರೆದದ್ದು ತಲೆಯಲ್ಲಿ ಇರುತ್ತದೆ, ತೀರಿದ್ದು ತಾನಾಗಿ ಗೊತ್ತಾಗುತ್ತದೆ. ನಾನು ಬಲಗಡೆಯ ಕಾಲಂ ತುಂಬಿಸಿದ್ದು ಪೂರ್ತಿ ಓದಿ ಆದಮೇಲೆ, ಅಮ್ಮನಿಗೆ ಹೇಳುತ್ತಾ.

ಈಗ ಈ ಸರಣಿ ಹಿಡಿದವರಿಗೆ ಒಂದು ಮಾತು. ಕೊನೆಯ ಪುಸ್ತಕದ 37ನೆಯ ಅಧ್ಯಾಯ ಕೊನೆಯ ಯುದ್ಧ. ಅದೊಂದೇ ಅಧ್ಯಾಯ ಸುಮಾರು 79,000 ಪದ, ಒಂದು ಸಣ್ಣ ಕಾದಂಬರಿಯಷ್ಟು. ನಡುವೆ ನಿಲ್ಲಿಸುವ ಜಾಗ ಇಲ್ಲ, ನಿಲ್ಲಿಸಲು ಮನಸ್ಸೂ ಬರುವುದಿಲ್ಲ. ಅದನ್ನು ರಾತ್ರಿ ಊಟದ ಮೇಲೆ ಶುರು ಮಾಡಬೇಡಿ. ಬೆಳಗ್ಗೆ ಕಾಫಿ ಕುಡಿದು ಕೂರಿ. ಅವತ್ತು ಅಡಿಕೆ ಕೊಯ್ಲಿನವರು ಬರುವುದಿದ್ದರೆ ಮರುದಿನಕ್ಕೆ ಬನ್ನಿ ಅನ್ನಿ.